ಪ್ರಮಾದ ಮತ್ತು ಮದ್ದಿನ ಮೇಜು

ಒಮ್ಮೆ ಹಾರಿಸಿದ ಕಾಡತೂಸಿನಲ್ಲಿ ಮತ್ತೆ ಬಳಕೆಗೆ ಉಳಿಯುವುದು ಹಿತ್ತಾಳೆಯ ಕೇಸ್ ಒಂದೇ. ಗುಂಡು ಗುರಿಯ ಕಡೆ ಹೋಗಿರುತ್ತದೆ, ಮದ್ದು ಉರಿದಿರುತ್ತದೆ, ತಳದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಸಿಡಿದು ಮುಗಿದಿರುತ್ತದೆ. ಆ ಕೇಸನ್ನು ಶುಚಿ ಮಾಡಿ, ಅಳತೆಗೆ ತಂದು, ಹೊಸ ಪ್ರೈಮರು, ಮದ್ದು, ಗುಂಡು ಕೂಡಿಸುವ ಕೆಲಸಕ್ಕೆ ರೀಲೋಡಿಂಗ್ ಎಂದು ಹೆಸರು. ಅಮೆರಿಕದಲ್ಲಿ ಇದು ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ನಡೆಯುವ ಹಳೆಯ ಹವ್ಯಾಸ. ಅಲ್ಲಿನ ಫೆಡರಲ್ ಕಾನೂನು ಸ್ವಂತ ಬಳಕೆಗೆ ಕಾಡತೂಸು ಕಟ್ಟಿಕೊಳ್ಳುವವರಿಂದ ಪರವಾನಗಿ ಕೇಳುವುದಿಲ್ಲ, ಕಟ್ಟಿ ಮಾರುವವರಿಂದ ಕೇಳುತ್ತದೆ. ಭಾರತದಲ್ಲಿ ಮದ್ದುಗುಂಡಿನ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಬೇಕಾದ್ದರಿಂದ ಇಂಥ ಮೇಜು ಇಲ್ಲಿನ ಮನೆಗಳಿಗೆ ಅಪರಿಚಿತ.

ಮೇಜನ್ನು ಒಪ್ಪ ಓರಣವಾಗಿ ಇಡಬೇಕೆಂದು ಈ ಹವ್ಯಾಸದ ಕೈಪಿಡಿಗಳು ಮೊದಲ ಪುಟಗಳಲ್ಲೇ ಹೇಳುತ್ತವೆ. ಪುಸ್ತಕದ ಕಪಾಟನ್ನು ಓರಣವಾಗಿಡದವನನ್ನು ಸೋಮಾರಿ ಎನ್ನಬಹುದು, ತಪ್ಪಿತಸ್ಥ ಎನ್ನಲಾಗದು. ಮದ್ದಿನ ಮೇಜಿನ ಮಾತು ಬೇರೆಯೇ? ಅಲ್ಲಿನ ಓರಣ ಬರೀ ಜಾಣತನವೋ, ಧರ್ಮವೋ? ಧರ್ಮವಾದರೆ, ಓರಣ ತಪ್ಪಿಯೂ ಯಾರಿಗೂ ಏನೂ ಆಗದೆ ಹೋದಾಗ ತಪ್ಪೊಂದು ನಡೆದಂತಾಯಿತೇ? ಪ್ರಶ್ನೆ ಚಿಕ್ಕದಾಗಿ ಕಂಡರೂ ಇದರ ಜಾಡು ಹಿಡಿದು ಹೋದರೆ ನೀತಿಶಾಸ್ತ್ರದ ಒಂದು ದೊಡ್ಡ ತೊಡಕನ್ನೇ ತಲುಪಬೇಕಾಗುತ್ತದೆ.

ಮೊದಲು ಮೇಜಿನ ವ್ಯವಹಾರ. ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಪ್ರೆಸ್, ಅದಕ್ಕೆ ತಿರುಗಿಸಿ ಹಾಕುವ, ಕೇಸನ್ನು ಅಳತೆಗೆ ತರುವ ಉಕ್ಕಿನ ಡೈಗಳು, ಒಂದು ತಕ್ಕಡಿ, ಮದ್ದನ್ನು ಅಳೆದು ಸುರಿಯುವ ಉಪಕರಣ, ಕೇಸುಗಳನ್ನು ನಿಲ್ಲಿಸಲು ಸಾಲುಸಾಲು ಕುಳಿಗಳಿರುವ ಮರದ ಅಥವಾ ಪ್ಲಾಸ್ಟಿಕ್ಕಿನ ಹಲಗೆ: ಇಷ್ಟಿದ್ದರೆ ಕೆಲಸ ಆರಂಭ. ಮದ್ದನ್ನು ತೂಗುವ ಮಾನ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ರೂಪಿಸಿದ ನಂತರ ಹಳೆಯ ಕರಿಮದ್ದಿನ ಕಾಲದ ಉದಾರವಾದ ಕೈಯಳತೆಗೆ ಜಾಗವಿಲ್ಲದಂತಾಯಿತು. ಹೊಸ ಮದ್ದು ಕಡಿಮೆ ಪ್ರಮಾಣದಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಅದರಲ್ಲೂ ಬೇಗ ಉರಿಯುವವು, ನಿಧಾನ ಉರಿಯುವವು ಎಂದು ಹತ್ತಾರು ಬಗೆಗಳಿವೆ. ಚಕ್ಕೆ, ಕಾಳು, ಕಡ್ಡಿ ಎಂಬ ಆಕಾರಭೇದ ಬಿಟ್ಟರೆ ಬಹುತೇಕ ಎಲ್ಲವೂ ಕಪ್ಪುಬೂದು ಬಣ್ಣದ ಹುಡಿಗಳೇ. ರೈಫಲಿಗೆಂದು ಇರುವ ನಿಧಾನದ ಮದ್ದಿನ ಅಳತೆಯಲ್ಲಿ ಪಿಸ್ತೂಲಿನ ಬಿರುಸು ಮದ್ದನ್ನು ತುಂಬಿದರೆ ಬಂದೂಕು ಒಡೆಯುತ್ತದೆ. ಡಬ್ಬದ ಮೇಲಿನ ಚೀಟಿ ಹೋದರೆ, ಒಳಗಿರುವುದು ಯಾವುದೆಂದು ನೋಡಿ ಹೇಳುವುದು ಪಳಗಿದ ಕಣ್ಣಿಗೂ ಆಗದು.

ಆದ್ದರಿಂದಲೇ ಈ ಮೇಜಿನ ಮೊದಲ ಕಟ್ಟಳೆ: ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬ ಮೇಜಿನ ಮೇಲಿರಬೇಕು. ಉಳಿದವು ಕಪಾಟಿನೊಳಗೆ. ಕೆಲಸ ಮುಗಿದ ಕೂಡಲೇ ಅಳತೆಯ ಉಪಕರಣದಲ್ಲಿ ಉಳಿದ ಮದ್ದು ತಾನು ಬಂದ ಡಬ್ಬಕ್ಕೇ ಮರಳಬೇಕು. ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಪ್ರೈಮರುಗಳು ಕಂಪನಿಯ ಪೊಟ್ಟಣದಲ್ಲೇ ಇರಬೇಕು. ಆ ಪೊಟ್ಟಣ ಒಂದೊಂದು ಪ್ರೈಮರನ್ನೂ ಬೇರೆಬೇರೆಯಾಗಿ ಹಿಡಿದಿಡುತ್ತದೆ. ಎಲ್ಲವನ್ನೂ ಒಂದು ಗಾಜಿನ ಸೀಸೆಗೆ ಸುರಿದುಕೊಂಡವನ ಕೈಯಲ್ಲಿ ಒಂದು ಸಿಡಿದರೆ ಉಳಿದವೂ ಜತೆಗೇ ಸಿಡಿಯುತ್ತವೆ. ಪ್ರೈಮರಿನ ರಾಸಾಯನಿಕದಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುವುದರಿಂದ ಹಾರಿಸಿದ ಕೇಸುಗಳ ಮಸಿಯಲ್ಲಿ, ಅವನ್ನು ಉಜ್ಜುವ ಯಂತ್ರದ ದೂಳಿನಲ್ಲಿ ಸೀಸ ಸೇರಿರುತ್ತದೆ. ಹಾಗಾಗಿ ಆ ಮೇಜಿನಲ್ಲಿ ತಿಂಡಿ, ಕಾಫಿ ಸಲ್ಲದು, ಎದ್ದ ಮೇಲೆ ಕೈ ತೊಳೆಯಬೇಕು. ಮನೆಯಲ್ಲಿ ಎಷ್ಟು ಸಂಗ್ರಹಿಸಬಹುದೆಂಬುದಕ್ಕೂ ಮಿತಿಯಿದೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 495ನೇ ಮಾನದಂಡ ವಾಸದ ಮನೆಯಲ್ಲಿ ಮೂಲ ಡಬ್ಬಗಳಲ್ಲಿಟ್ಟ 20 ಪೌಂಡ್ ಮದ್ದು, 10,000 ಪ್ರೈಮರುಗಳವರೆಗೆ ಒಪ್ಪುತ್ತದೆ. ಮದ್ದು 20 ಪೌಂಡ್ ಮೀರಿದರೆ, 50 ಪೌಂಡಿನ ತನಕ, ದಪ್ಪ ಹಲಗೆಯ ಮರದ ಪೆಟ್ಟಿಗೆ ಬೇಕು.

ಇವೆಲ್ಲ ನೇರವಾದ ಎಚ್ಚರಿಕೆಗಳು, ಇಲ್ಲಿ ಚರ್ಚೆಗೆ ಹೆಚ್ಚು ಎಡೆಯಿಲ್ಲ. ವಿಚಾರಕ್ಕೆ ಹಚ್ಚುವ ಘಟ್ಟ ಬರುವುದು ಮದ್ದು ಸುರಿಯುವಾಗ. ಕೆಲವು ಪಿಸ್ತೂಲು ಕೇಸುಗಳಿಗೆ ಬೇಕಾದ ಬಿರುಸು ಮದ್ದು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಹೀಗಾಗಿ ಒಂದೇ ಕೇಸಿಗೆ ಎರಡು ಸಲ ಸುರಿದರೂ ಚೆಲ್ಲಿ ಸುಳಿವು ಕೊಡುವುದಿಲ್ಲ. ಸುರಿಯುವುದನ್ನೇ ಮರೆತ ಕೇಸಿನ ಮೇಲೆ ಗುಂಡು ಕೂತುಬಿಟ್ಟರೆ ಅದೂ ಹೊರನೋಟಕ್ಕೆ ಗೊತ್ತಾಗದು. ಅಂಥ ಕಾಡತೂಸನ್ನು ಹಾರಿಸಿದಾಗ ಪ್ರೈಮರಿನ ಬಲವಷ್ಟೇ ಗುಂಡನ್ನು ನಳಿಗೆಯೊಳಕ್ಕೆ ದೂಡಿ ಅಲ್ಲೇ ಸಿಕ್ಕಿಸಿಬಿಡಬಹುದು, ಅದರ ಹಿಂದೆ ಬರುವ ಗುಂಡು ನಳಿಗೆಯನ್ನು ಸೀಳಬಹುದು. ಸುರಿಯುವ ನಡುವೆ ಫೋನ್ ಬಂತು, ಹವ್ಯಾಸಿ ಎದ್ದುಹೋಗಿ ಮರಳಿದ ಎಂದಿಟ್ಟುಕೊಳ್ಳಿ. ಈ ಸಾಲಿನ ಕೊನೆಯ ಕೇಸಿಗೆ ಮದ್ದು ಬಿದ್ದಿದೆಯೇ? ನೆನಪನ್ನು ಕೇಳಿದರೆ ಅದು ಧೈರ್ಯವಾಗಿಯೇ ಉತ್ತರಿಸುತ್ತದೆ. ಆದರೆ ಐವತ್ತು ಬಾರಿ ಒಂದೇ ಚಲನೆ ಮಾಡಿದ ಕೈಯ ನೆನಪಿನಲ್ಲಿ ನಲವತ್ತೊಂಬತ್ತನೆಯದಕ್ಕೂ ಐವತ್ತನೆಯದಕ್ಕೂ ಭೇದವಿರುವುದಿಲ್ಲ. ಪಳಗಿದವರು ಇದಕ್ಕಾಗಿ ಒಂದು ಪದ್ಧತಿ ಇಟ್ಟುಕೊಂಡಿರುತ್ತಾರೆ. ಖಾಲಿ ಕೇಸುಗಳು ಹಲಗೆಯಲ್ಲಿ ಬಾಯಿ ಕೆಳಗಾಗಿ ಕೂತಿರುತ್ತವೆ, ಮದ್ದು ಬೀಳುವ ಕೇಸು ಮಾತ್ರ ಮೇಲ್ಮುಖವಾಗುತ್ತದೆ. ಸಾಲು ಮುಗಿದ ಮೇಲೆ ಹಲಗೆಯ ಮೇಲೆ ದೀಪ ಹಿಡಿದು ಎಲ್ಲ ಕೇಸುಗಳಲ್ಲೂ ಮದ್ದಿನ ಮಟ್ಟ ಸಮವಿದೆಯೇ ಎಂದು ನೋಡಿ, ಅನಂತರವೇ ಗುಂಡು ಕೂರಿಸುತ್ತಾರೆ. ಎಲ್ಲಿಗೆ ಬಂತು ಎಂಬ ಪ್ರಶ್ನೆಗೆ ಉತ್ತರ ತಲೆಯಲ್ಲಿರದೆ ಹಲಗೆಯಲ್ಲಿರುತ್ತದೆ.

ಓರಣದ ತಿರುಳು ಇಲ್ಲಿದೆ. ವಸ್ತುಗಳು ಇರುವ ಜಾಗವೇ ಅವುಗಳ ಬಗೆಗಿನ ಸಾಕ್ಷ್ಯವಾಗುವಂತೆ ಇಡುವುದು ಓರಣ. ಚೊಕ್ಕಟತನ ಬೇರೆಯೇ ಸಂಗತಿ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರಲ್ಲಿ ಬರೆದ ‘ಪ್ಯೂರಿಟಿ ಅಂಡ್ ಡೇಂಜರ್’ ಗ್ರಂಥದಲ್ಲಿ ಕೊಳೆಯೆಂಬುದು ವಸ್ತುವಿನ ಗುಣವಲ್ಲ, ಅದು ತನ್ನದಲ್ಲದ ಜಾಗದಲ್ಲಿರುವ ಸ್ಥಿತಿ ಎಂಬ ವಿಚಾರವನ್ನು ಬೆಳೆಸಿದಳು. ಮದ್ದಿನ ಮೇಜಿಗೆ ಇದು ಅಕ್ಷರಶಃ ಹೊಂದುತ್ತದೆ. ಮೇಜಿನ ಮೇಲೆ ಚದುರಿದ ಹಿತ್ತಾಳೆಯ ತುರಿ ನೋಡಲು ಹೊಲಸು, ಆದರೆ ಯಾರ ಕೈಯನ್ನೂ ಕಳೆಯದು. ಒರೆಸಿ ಹೊಳೆಯುವ ಕಪಾಟಿನಲ್ಲಿ ಬೇರೊಂದು ಮದ್ದಿನ ಹೆಸರು ಹೊತ್ತ ಡಬ್ಬ ಕಣ್ಣಿಗೆ ಚೊಕ್ಕಟವೇ, ಅಪಾಯವೂ ಅಲ್ಲೇ. ಒಂದೇ ಅಳತೆಯ ಪೆಟ್ಟಿಗೆಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸುವ ಚಪಲ ಎಷ್ಟೋ ಸಲ ಮೂಲ ಡಬ್ಬ, ಮೂಲ ಚೀಟಿಗಳನ್ನು ಎಸೆಯುವಲ್ಲಿಗೆ ಬಂದು ನಿಲ್ಲುತ್ತದೆ. ಅಂಥ ಅಂದಕ್ಕಿಂತ ತುಸು ಗಲೀಜಾದರೂ ಹೆಸರು ಸರಿಯಿರುವ ಮೇಜು ಮೇಲು.

ಓರಣವು ತಿಳಿವಿನ ಸಾಧನ ಎಂದಾದರೆ ಅದನ್ನು ಬಿಡುವುದು ಎಂಥ ತಪ್ಪು? ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರ ‘ದಿ ಎಥಿಕ್ಸ್ ಆಫ್ ಬಿಲೀಫ್’ ಪ್ರಬಂಧದಲ್ಲಿ ಒಬ್ಬ ಹಡಗಿನ ಯಜಮಾನನನ್ನು ಚಿತ್ರಿಸುತ್ತಾನೆ. ಹಳೆಯ ಹಡಗಿನ ಬಗ್ಗೆ ಅನುಮಾನವಿದ್ದರೂ, ಇಷ್ಟು ಸಲ ಹೋಗಿಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು ಆತ ಪ್ರಯಾಣಿಕರನ್ನು ಕಳಿಸುತ್ತಾನೆ, ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವೇ ಇದ್ದೀತು, ಆದರೆ ತಪಾಸಣೆಯಿಲ್ಲದೆ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ ಎಂಬುದು ಕ್ಲಿಫರ್ಡನ ತೀರ್ಪು. ಹಡಗು ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಕಡಿಮೆಯಾಗುತ್ತಿರಲಿಲ್ಲ ಎಂದೂ ಆತ ಸೇರಿಸುತ್ತಾನೆ. ಚೀಟಿಯಿಲ್ಲದ ಡಬ್ಬವನ್ನು ಎತ್ತಿಕೊಂಡು, ಇದು ಅದೇ ಇರಬೇಕು ಎನ್ನುವ ಹವ್ಯಾಸಿಯೂ ಹಡಗಿನ ಯಜಮಾನನ ಸಾಲಿನವನೇ. ನಂಬಲು ಬೇಕಾದ ಆಧಾರವನ್ನು ಅವನು ಮೇಜಿನ ಮೇಲೆ ಉಳಿಸಿಕೊಂಡಿಲ್ಲ.

ಲೋಕದ ರೂಢಿ ಮಾತ್ರ ಕ್ಲಿಫರ್ಡನ ಜತೆ ಹೋಗುವುದಿಲ್ಲ. ಒಂದೇ ಬೀದಿಯ ಇಬ್ಬರು ಒಂದೇ ರೀತಿ ಎರಡು ಮದ್ದಿನ ಡಬ್ಬಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡಿದರೆನ್ನೋಣ. ಒಬ್ಬನ ಕೈ ಸರಿಯಾದ ಡಬ್ಬಕ್ಕೆ ಹೋಯಿತು. ಇನ್ನೊಬ್ಬ ಕಟ್ಟಿದ ಕಾಡತೂಸು ಗೆಳೆಯನ ಕಣ್ಣು ಕಳೆಯಿತು. ಮೊದಲನೆಯವನಿಗೆ ಯಾರೂ ಏನೂ ಅನ್ನುವುದಿಲ್ಲ, ಎರಡನೆಯವನಿಗೆ ನ್ಯಾಯಾಲಯ, ನಿಂದೆ, ಆಜನ್ಮ ಪಶ್ಚಾತ್ತಾಪ. ಈ ಅಸಮತೆಯನ್ನು ತತ್ತ್ವಜ್ಞರಾದ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಇಬ್ಬರೂ 1976ರಲ್ಲಿ ನೈತಿಕ ಅದೃಷ್ಟ ಎಂಬ ಹೆಸರಿನಲ್ಲಿ ಚರ್ಚಿಸಿದರು. ಬ್ರೇಕು ಪರೀಕ್ಷೆ ಮಾಡಿಸದ ಲಾರಿ ಚಾಲಕನ ಎದುರಿಗೆ ಮಗುವೊಂದು ಓಡಿ ಬರುವುದು, ಬಾರದಿರುವುದು ಅವನ ಕೈಯಲ್ಲಿಲ್ಲ. ಆದರೂ ಅವನ ದೋಷದ ಅಳತೆ ಅದರ ಮೇಲೆಯೇ ನಿಲ್ಲುತ್ತದೆ ಎಂದು ನೇಗೆಲ್ ತೋರಿಸಿದ. ಕೈಯಲ್ಲಿಲ್ಲದ್ದಕ್ಕೆ ಹೊಣೆಯಿಲ್ಲ ಎಂಬ ತತ್ತ್ವವನ್ನೂ ಬಿಡಲಾಗದೆ, ಫಲ ನೋಡಿ ದೂಷಿಸುವ ಅಭ್ಯಾಸವನ್ನೂ ಬಿಡಲಾಗದೆ ಆ ಚರ್ಚೆ ಇಂದಿಗೂ ತೂಗಾಡುತ್ತಿದೆ.

ಕನ್ನಡ ನಾಡು ಬಹುಕಾಲ ಸಾಕಿ ಬೆಳೆಸಿದ ಜೈನ ದರ್ಶನ ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿತ್ತು. ಅದರ ಉತ್ತರ ಖಚಿತವಾದದ್ದು. ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಜತೆಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಸೇರಿಸುತ್ತದೆ. ಕುಂದಕುಂದಾಚಾರ್ಯರ ‘ಪ್ರವಚನಸಾರ’ ಇನ್ನೂ ಮುಂದೆ ಹೋಗುತ್ತದೆ. ಜೀವಿ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ನಿಶ್ಚಿತ; ಎಚ್ಚರದಿಂದ ನಡೆದವನಿಗೆ ಅಕಸ್ಮಾತ್ ಆದ ಪ್ರಾಣಹಾನಿಯಿಂದ ಕರ್ಮಬಂಧವಿಲ್ಲ ಎಂಬುದು ಅಲ್ಲಿನ ನಿಲುವು. ಹೊರಗೆ ಘಟಿಸುವುದು ದ್ರವ್ಯಹಿಂಸೆ, ಒಳಗಿನ ಕಷಾಯ (ಕ್ರೋಧ ಮುಂತಾದ ವಿಕಾರ) ಮತ್ತು ಪ್ರಮಾದ ಭಾವಹಿಂಸೆ. ಈ ಲೆಕ್ಕದಲ್ಲಿ ಬೀದಿಯ ಆ ಇಬ್ಬರ ನಡುವೆ ದೋಷದ ಭೇದವಿಲ್ಲ. ಮೊದಲನೆಯವನದು ತಪ್ಪೇ ಆಗದ ಸಂದರ್ಭವಲ್ಲ, ತಪ್ಪಿಗೆ ಫಲ ಕೂಡಿ ಬರದ ಸಂದರ್ಭ.

ಆ ದರ್ಶನ ಎಚ್ಚರವನ್ನು ಮನಸ್ಸಿನ ಗುಣವಾಗಿಯಷ್ಟೇ ಬಿಟ್ಟಿಲ್ಲ ಎಂಬುದು ಇಲ್ಲಿ ಹೆಚ್ಚು ಮುಖ್ಯ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಆದಾನನಿಕ್ಷೇಪಣ ಸಮಿತಿ ಒಂದು. ವಸ್ತುವನ್ನು ಎತ್ತಿಕೊಳ್ಳುವಾಗ, ಕೆಳಗಿಡುವಾಗ ಪಾಲಿಸಬೇಕಾದ ಎಚ್ಚರ ಅದರ ವಿಷಯ. ಕಮಂಡಲುವನ್ನಾಗಲಿ ಶಾಸ್ತ್ರದ ಕಟ್ಟನ್ನಾಗಲಿ ಇಡುವ ಮೊದಲು ಜಾಗವನ್ನು ಕಣ್ಣಿಟ್ಟು ನೋಡಿ, ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸವರಿ ಇಡಬೇಕು. ವಸ್ತುವನ್ನು ಎಲ್ಲಿ, ಹೇಗೆ ಇಡುತ್ತೇವೆ ಎಂಬುದನ್ನು ಧರ್ಮದ ಒಂದು ಪ್ರತ್ಯೇಕ ಅಧ್ಯಾಯವಾಗಿ ಇಷ್ಟು ನೇರವಾಗಿ ಎಣಿಸಿದ ಪರಂಪರೆಗಳು ವಿರಳ. ಅಮೆರಿಕದ ಗ್ಯಾರೇಜಿನಲ್ಲಿ ಡಬ್ಬವನ್ನು ಕಪಾಟಿಗೆ ಮರಳಿಸುವವನಿಗೆ ಇದರ ಅರಿವಿರಬೇಕಿಲ್ಲ, ಕೈಯ ಶಿಸ್ತು ಮಾತ್ರ ಅದೇ ಜಾತಿಯದು.

ಆದರೆ ಈ ಸಾದೃಶ್ಯವನ್ನು ಎಳೆದಷ್ಟೂ ಒಂದು ಕಡೆ ಹರಿಯುತ್ತದೆ. ಅದೇ ಜೈನ ದರ್ಶನ ಗೃಹಸ್ಥನಿಗೂ ಅನರ್ಥದಂಡವಿರತಿ ಎಂಬ ವ್ರತ ಹೇಳಿದೆ. ಆ ವ್ರತ ಬಿಡಹೇಳುವ ನಿಷ್ಪ್ರಯೋಜಕ ಪಾಪಗಳ ಪಟ್ಟಿಯಲ್ಲಿ ಪ್ರಮಾದದ ನಡತೆಯೂ ಇದೆ, ಹಿಂಸೆಯ ಉಪಕರಣಗಳನ್ನು ಇತರರಿಗೆ ಒದಗಿಸುವ ಹಿಂಸಾದಾನವೂ ಇದೆ. ಗುಂಡು ಕಟ್ಟುವುದನ್ನು ಎಷ್ಟೇ ಎಚ್ಚರದಿಂದ ಮಾಡಿದರೂ ಗುಂಡು ಗುಂಡೇ. ಕಾಗದದ ಗುರಿಗೆ ಹೊಡೆಯುವವನಿಗೂ ಬೇಟೆಗಾರನಿಗೂ ನಡುವೆ ಆ ದರ್ಶನ ದೊಡ್ಡ ಗೆರೆ ಎಳೆದೀತು, ಮೇಜಿನ ಓರಣ ಆ ಗೆರೆಯನ್ನು ಅಳಿಸದು. ಓರಣ ಒಂದು ಕೆಲಸವನ್ನು ಒಳ್ಳೆಯದಾಗಿಸುವುದಿಲ್ಲ. ಕೆಲಸ ಒಪ್ಪತಕ್ಕದ್ದೇ ಎಂದಾದ ಮೇಲೆ ಅದರಲ್ಲಿ ಆಗಬಾರದ ಕೇಡನ್ನು ತಡೆಯುತ್ತದೆ. ಅದಕ್ಕಿಂತ ಹೆಚ್ಚಿನ ಪುಣ್ಯವನ್ನು ಅದರ ಖಾತೆಗೆ ಬರೆಯುವುದು ಅತಿಯಾದೀತು. ಓರಣವೆಂದರೆ ಪೂಜೆಯೂ ಅಲ್ಲ. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಕೋವಿಗಳನ್ನು ಹೊರತೆಗೆದು, ಒರೆಸಿ, ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವುದುಂಟು. ಅಲ್ಲಿ ಶುಚಿಗೊಳಿಸುವುದು ಆಯುಧಕ್ಕೆ ಸಲ್ಲಿಸುವ ಗೌರವ. ಮದ್ದಿನ ಮೇಜಿನ ಓರಣಕ್ಕೆ ಅಂಥ ಪೂಜ್ಯಭಾವ ಬೇಕಿಲ್ಲ, ಅದು ನಿತ್ಯದ ಅಪನಂಬಿಕೆಯಿಂದ ಹುಟ್ಟುವಂಥದು, ಅದರಲ್ಲೂ ತನ್ನ ಮೇಲಿನ ಅಪನಂಬಿಕೆಯಿಂದ.

ಅಭ್ಯಾಸದ ಪ್ರಶ್ನೆ ಇನ್ನೊಂದು. ಮನೆ ಕಟ್ಟುತ್ತ ಮೇಸ್ತ್ರಿಯಾಗುವಂತೆ ಸದ್ಗುಣವೂ ಅಭ್ಯಾಸದಿಂದ ಬರುತ್ತದೆ ಎಂದು ಅರಿಸ್ಟಾಟಲ್ ‘ನಿಕೊಮಾಕಿಯನ್ ಎಥಿಕ್ಸ್’ನ ಎರಡನೆಯ ಭಾಗದಲ್ಲಿ ವಾದಿಸುತ್ತಾನೆ. ಮೇಜಿನ ಮಟ್ಟಿಗೆ ಇದು ಅರ್ಧ ನಿಜ. ಡಬ್ಬ ಮರಳಿಸುವುದು ಅಭ್ಯಾಸವಾದರೆ ಲಾಭವೇ, ಆದರೆ ದೀಪ ಹಿಡಿದು ನೋಡುವುದು ಅಭ್ಯಾಸವಾಗಿಬಿಟ್ಟರೆ ಕಣ್ಣು ನೋಡದೆಯೇ ನೋಡಿದಂತೆ ದಾಟಿಹೋಗುತ್ತದೆ. ಹಿಡಿಕೆಯ ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ಸಿನಲ್ಲಿ ಸಾಲು ಮುಗಿದ ಮೇಲೆ ತಪಾಸಣೆಗೆ ಬಿಡುವು ತಾನಾಗಿ ಸಿಗುತ್ತದೆ. ಪ್ರತಿ ಎಳೆತಕ್ಕೂ ಒಂದು ಪೂರ್ಣ ಕಾಡತೂಸನ್ನು ಹೊರಹಾಕುವ ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಆ ಬಿಡುವಿಲ್ಲ. ಅಲ್ಲಿ ಮದ್ದಿನ ಮಟ್ಟ ತಪ್ಪಿದರೆ ಸದ್ದು ಮಾಡುವ ಇಲ್ಲವೇ ಹಿಡಿಕೆಯನ್ನೇ ತಡೆಯುವ ಸಾಧನಗಳನ್ನು ಜೋಡಿಸಿಕೊಳ್ಳುತ್ತಾರೆ. ಜಾಗ, ಚೀಟಿ, ಡಬ್ಬ ಇವನ್ನು ಅಭ್ಯಾಸಕ್ಕೆ ಒಪ್ಪಿಸಿದರೆ ಉಳಿಯುವ ಗಮನವನ್ನು ಮದ್ದು ಬೀಳುವ ಕ್ಷಣಕ್ಕೆ ಮೀಸಲಿಡಬಹುದು. ಓರಣವಿಲ್ಲದ ಮೇಜಿನಲ್ಲಿ ಆ ಗಮನ ಡೈ ಹುಡುಕುವುದರಲ್ಲೇ ಖರ್ಚಾಗಿರುತ್ತದೆ.

ಈ ಹೊಣೆ ಮೇಜಿನ ಮುಂದೆ ಕೂತವನಲ್ಲಿಗೇ ಮುಗಿಯುವುದಿಲ್ಲ. ಬಂದೂಕು ಒಡೆದರೆ ಪಕ್ಕದಲ್ಲಿ ನಿಂತವನಿಗೂ ಪೆಟ್ಟು, ಸೀಸದ ದೂಳು ಮಕ್ಕಳ ಕೋಣೆಗೂ ಹೋದೀತು. ಪರರು ಕಟ್ಟಿದ ಕಾಡತೂಸನ್ನು ಹಾರಿಸಬಾರದು ಎಂಬ ನಿಯಮ ಹವ್ಯಾಸಿಗಳಲ್ಲಿ ರೂಢಿಯಲ್ಲಿರುವುದೂ ಇದಕ್ಕೇ. ಒಬ್ಬನ ಮೇಜಿನ ಸಾಕ್ಷ್ಯ ಇನ್ನೊಬ್ಬನಿಗೆ ಕಾಣುವಂಥದಲ್ಲ. ಹಾಗಾಗಿ ಪ್ರತಿ ಪೆಟ್ಟಿಗೆಯ ಮೇಲೂ ಮದ್ದಿನ ಹೆಸರು, ತೂಕ, ಗುಂಡಿನ ತೂಕ, ಪ್ರೈಮರಿನ ಬಗೆ, ಕಟ್ಟಿದ ದಿನ ಬರೆದ ಚೀಟಿ ಇರಬೇಕು, ನೋಟ್‌ಬುಕ್ಕಿನಲ್ಲೂ ಅದೇ ದಾಖಲಾಗಬೇಕು. ಹವ್ಯಾಸಿ ತೀರಿಕೊಂಡ ಮನೆಯಲ್ಲಿ ಚೀಟಿಯಿಲ್ಲದ ಪೆಟ್ಟಿಗೆಗಳು ಸಿಕ್ಕರೆ ಬಲ್ಲವರು ಅವನ್ನು ಹಾರಿಸುವುದಿಲ್ಲ. ಗುಂಡನ್ನು ಕಿತ್ತು ಬಿಡಿಸಿ, ಹಿತ್ತಾಳೆಯನ್ನು ಉಳಿಸಿಕೊಂಡು, ಮದ್ದನ್ನು ವಿಲೇವಾರಿ ಮಾಡುತ್ತಾರೆ.