ಮೂರನೆಯವನು

ಅಮ್ಮನ ಟ್ರಂಕಿನ ತಳದಲ್ಲಿ ಹಾಸಿದ್ದ ಪತ್ರಿಕೆಗೆ ಐವತ್ತು ದಾಟಿತ್ತು. ಮೇಲಿದ್ದ ಧಾರೆ ಸೀರೆ, ನಾಲ್ಕು ನುಸಿಗುಳಿಗೆ, ಯಾರದೋ ಜಾತಕ ಎಲ್ಲ ತೆಗೆದ ಮೇಲೆ ಕೆಳಗೆ ಕಂಡದ್ದು 1969ರ ಜುಲೈ 22, ಮಂಗಳವಾರ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಹೊತ್ತು ಬಂದ ಸಂಚಿಕೆ. "ಅಜ್ಜಿ ಎಷ್ಟು ಜೋಪಾನವಾಗಿ ಇಟ್ಟಿದ್ದಾರಮ್ಮ! ಫ್ರೇಮು ಹಾಕಿಸೋಣ" ಎಂದು ನನ್ನ ಮಗಳು ಕಣ್ಣರಳಿಸಿದಳು. ಅವಳ ಭಕ್ತಿಗೆ ಭಂಗ ತರಲು ಮನಸ್ಸು ಬರಲಿಲ್ಲ. ಅಮ್ಮನಿಗೆ ಟ್ರಂಕಿನ ಅಳತೆಗೆ ಹೊಂದುವ ಒಂದು ಕಾಗದ ಬೇಕಾಗಿತ್ತು, ಕೈಗೆ ಸಿಕ್ಕಿದ್ದು ಚಂದ್ರ. ಅಷ್ಟೇ.

ಮಗಳು ಆಚೆ ಹೋದಮೇಲೆ ನೆಲದ ಮೇಲೆ ಕೂತು ಓದತೊಡಗಿದೆ. ಹಳೆಯ ಪತ್ರಿಕೆ ಓದುವುದರಲ್ಲಿ ಒಂದು ದುಷ್ಟ ಸಂತೋಷವಿದೆ, ಅದು ನಿಮಗೂ ಗೊತ್ತಿರಬೇಕು. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು! ಮೂರು ದಿನ ಹಿಂದೆ, 19ರಂದು, 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ದವು. 2020ರಲ್ಲಿ ಸಿಂಡಿಕೇಟು ಕೆನರಾದ ಹೊಟ್ಟೆ ಸೇರುತ್ತದೆಂದು ಆಗ ಯಾರು ಕಂಡಿದ್ದರು? ಅಮ್ಮನ ಬ್ಯಾಂಕು ಸಾಸಿವೆ ಡಬ್ಬಿ. ಅದನ್ನು ಸರ್ಕಾರ ಮುಟ್ಟಲಿಲ್ಲ, ಆಗಾಗ ಅಪ್ಪನೇ ರಾಷ್ಟ್ರೀಕರಣ ಮಾಡುತ್ತಿದ್ದರು. ನಮ್ಮ ಮೈಸೂರು ರಾಜ್ಯದಲ್ಲಿ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾಗಿ ಬ್ಯಾಂಕಿನ ಸುಗ್ರೀವಾಜ್ಞೆಗೆ ರುಜು ಹಾಕಿ, ಮಾರನೆಯ ದಿನವೇ ರಾಜೀನಾಮೆ ಕೊಟ್ಟು ಚುನಾವಣೆಗೆ ಹೊರಟಿದ್ದರು. ಒಲೆ ಆರಿಸಿ ಕೈ ತೊಳೆದುಕೊಂಡು ಹೊರಟಷ್ಟು ಅಚ್ಚುಕಟ್ಟು! ಕೆಳಗೊಂದು ಮೂಲೆಯಲ್ಲಿ ಹವಾಮಾನ: ಅಲ್ಲಲ್ಲಿ ಮಳೆಯಾಗುವ ಸಂಭವ. ಸುಮಾರು 3,84,000 ಕಿಲೋಮೀಟರ್ ಆಚೆ ಗುರಿಯಿಟ್ಟು ಇಳಿದ ದಿನವೂ ನಮ್ಮ ಹಿತ್ತಿಲಲ್ಲಿ ಸಂಡಿಗೆ ಒಣಹಾಕಬಹುದೋ ಬೇಡವೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಒಳಪುಟದಲ್ಲಿ ಮನೆ ಬಿಟ್ಟು ಹೋದ ಹುಡುಗನಿಗೊಂದು ಜಾಹೀರಾತು. ಎಲ್ಲಿದ್ದರೂ ಬಾ, ಯಾರೂ ಬೈಯುವುದಿಲ್ಲ ಎಂದು. ಅವನು ಬಂದನೋ ಇಲ್ಲವೋ.

ಮುಖಪುಟದ ಅರ್ಧ ಚಂದ್ರನದೇ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಹೆಸರುಗಳು ಲೋಟದಷ್ಟು ದಪ್ಪ ಅಕ್ಷರದಲ್ಲಿ. ನನಗಾಗ ಹತ್ತು ವರ್ಷ. ಅಮ್ಮನಿಗೆ ಓದು ಬರುತ್ತಿತ್ತು, ಕೈ ಬಿಡುವಿರಲಿಲ್ಲ. ಅವಳು ರೊಟ್ಟಿ ತಟ್ಟುತ್ತಿದ್ದರೆ ನಾನು ಹೊಸಿಲ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುವುದು ವಾಡಿಕೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಆಷಾಢದಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೇನೇ?" ಅಮ್ಮ ಸುಮ್ಮನೆ ಕೇಳಿಸಿಕೊಂಡು, ರೊಟ್ಟಿ ಮಗುಚಿ ಹಾಕಿ, "ಮೂವರು ಹೋಗಿದ್ದರಲ್ಲ, ಇನ್ನೊಬ್ಬ ಏನು ಮಾಡುತ್ತಿದ್ದಾನೆ?" ಎಂದಳು.

ಹುಡುಕಿದರೆ ಸಣ್ಣ ಅಕ್ಷರದಲ್ಲಿ ಇದ್ದ. ಮೈಕೇಲ್ ಕಾಲಿನ್ಸ್. ಇಬ್ಬರನ್ನು ಇಳಿಯಲು ಬಿಟ್ಟು, ಅವರು ವಾಪಸ್ಸು ಬರುವ ತನಕ ದೊಡ್ಡ ನೌಕೆಯನ್ನು ಚಂದ್ರನ ಸುತ್ತ ಸುತ್ತಿಸುತ್ತ ಕಾದಿದ್ದವನು. "ಪಾಪ, ಅಷ್ಟು ದೂರ ಹೋಗಿ ಇಳಿಯಲಿಲ್ಲವೇ?" ಎಂದಳು ಅಮ್ಮ. "ಮನೆ ನೋಡಿಕೊಳ್ಳೋಕೆ ಒಬ್ಬರು ಬೇಕಲ್ಲ." ಇಬ್ಬರೂ ಅವನ ಹತ್ತಿರ ಸೇರಿಕೊಂಡ ಸುದ್ದಿ ನಮ್ಮೂರಿಗೆ ಬಂದ ಆ ಸಂಚಿಕೆಯಲ್ಲಿ ಇರಲಿಲ್ಲ. ಅವರು ಸೇರಿಕೊಂಡದ್ದು ನಮ್ಮ ಗಡಿಯಾರದಲ್ಲಿ ನಡುರಾತ್ರಿ ಮೂರರ ಮೇಲೆ, ಪತ್ರಿಕೆ ಅಷ್ಟು ಹೊತ್ತಿಗಾಗಲೇ ಅಚ್ಚಾಗಿ ಬಸ್ಸು ಹತ್ತಿತ್ತು. ಮಾರನೆಯ ದಿನ ಅಮ್ಮ ಮರೆಯದೆ ಕೇಳಿದಳು. ನಾನು ಗಜ್ಜುಗದಾಟದ ನಡುವೆ ಪತ್ರಿಕೆ ಮುಟ್ಟಿಯೂ ನೋಡದೆ "ಹ್ಞೂಂ, ಸೇರಿಕೊಂಡರಂತೆ" ಅಂದುಬಿಟ್ಟೆ. ಪುಣ್ಯಕ್ಕೆ ಅದು ನಿಜವಾಗಿತ್ತು.

ಊರಿಗೆ ಟೂರಿಂಗ್ ಟಾಕೀಸು ಬಂದಾಗ ನಾವೆಲ್ಲ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದೆವು. ಅಮ್ಮ ಉಳಿಯುತ್ತಿದ್ದಳು. ಹಾಲಿಗೆ ಹೆಪ್ಪು ಹಾಕಬೇಕು, ದನಕ್ಕೆ ಹುಲ್ಲು ಎಳೆದುಹಾಕಬೇಕು, ಅಜ್ಜಿಗೆ ರಾತ್ರಿ ಕಣ್ಣು ಕಾಣದು. "ಪಾಪ ಅಮ್ಮ" ಎಂದು ಬಾಗಿಲಲ್ಲಿ ಒಂದು ಸಲ ಹೇಳಿ, ತಿರುವು ದಾಟುವಷ್ಟರಲ್ಲಿ ಮರೆಯುತ್ತಿದ್ದೆವು. ದೊಡ್ಡವಳಾದ ಮೇಲೆ ಆ "ಪಾಪ" ನನ್ನನ್ನು ಬಹಳ ಕಾಡಿತು. ಅವಳಿಗೆ ನಾವು ಅನ್ಯಾಯ ಮಾಡಿದೆವೆಂದು ಸಭೆಗಳಲ್ಲೂ ಹೇಳಿದ್ದೇನೆ, ಚಪ್ಪಾಳೆಯೂ ಬಂದಿದೆ.

ಆದರೆ ಕಾಲಿನ್ಸ್ ನನ್ನ ಭಾಷಣವನ್ನು ಕೆಡಿಸಿದ. ನೌಕೆ ಪ್ರತಿ ಸುತ್ತಿನಲ್ಲೂ ಚಂದ್ರನ ಹಿಂಬದಿಗೆ ಹೋದಾಗ ಮುಕ್ಕಾಲು ಗಂಟೆಯಷ್ಟು ಹೊತ್ತು ಅವನಿಗೆ ಭೂಮಿಯ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಲೋಕವೆಲ್ಲ ಅವನ ಒಂಟಿತನಕ್ಕೆ ಮರುಗಿತು. ಅವನೋ, ನನಗೆ ಒಂಟಿತನ ಅನ್ನಿಸಲೇ ಇಲ್ಲ ಎಂದು 1974ರ ತನ್ನ ಪುಸ್ತಕದಲ್ಲಿ ಬರೆದ. ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಯಾರೋ ಕೇಳಿದರೆ, ಅದೊಂದು ನನ್ನದೇ ಪುಟ್ಟ ರಾಜ್ಯವಾಗಿತ್ತು, ಬಿಸಿ ಕಾಫಿಯೂ ಇತ್ತು ಎಂದನಂತೆ! 2021ರಲ್ಲಿ ತೀರಿಕೊಂಡ.

ಕಾಫಿ ಎಂದೊಡನೆ ನನಗೊಂದು ರಾತ್ರಿ ನೆನಪಾಯಿತು. ಟೆಂಟಿನಲ್ಲಿ ರೀಲು ಕಡಿದು ನಾವು ಬೇಗ ಮರಳಿದ್ದೆವು. ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಿದ್ದಳು, ಜಡೆ ಬಿಚ್ಚಿತ್ತು, ಕೈಯಲ್ಲಿ ಕಾಫಿ ಲೋಟ. ನಮ್ಮನ್ನು ಕಂಡು ಅವಳ ಮುಖದಲ್ಲಿ ಸುಳಿದದ್ದು ಸಂತೋಷವಂತೂ ಅಲ್ಲ. "ಇಷ್ಟು ಬೇಗ ಬಂದಿರಾ?" ಎಂದು ಜಡೆ ಸುತ್ತಿಕೊಂಡು ಎದ್ದಳು.

ಹಾಗಾದರೆ ನಮ್ಮ ಮರುಕ ಸುಳ್ಳೇ? ಅವಳು ಹಾಯಾಗಿದ್ದಳು ಎಂದುಕೊಂಡರೆ ನನಗೂ ಹಾಯಿ, ಅದಕ್ಕೇ ಆ ಉತ್ತರದ ಮೇಲೆ ನನಗೆ ಅನುಮಾನ. ಕಾಲಿನ್ಸ್‌ನದು ತಾನು ಕಲಿತು, ಒಪ್ಪಿ ಹತ್ತಿದ ನೌಕೆ. ಅಮ್ಮನನ್ನು "ಬರುತ್ತೀಯಾ?" ಎಂದು ನಾವು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದಳೇನೋ. ಆದರೂ ಕೇಳಿಸಿಕೊಂಡು ಬೇಡವೆನ್ನುವುದಕ್ಕೂ ಕೇಳಿಸಿಕೊಳ್ಳದೆ ಉಳಿಯುವುದಕ್ಕೂ ಕಾಫಿಯ ರುಚಿ ಒಂದೇ ಇರುತ್ತದೆಯೇ? ಅವನಿಗಿದ್ದ ಭಯವೂ ಒಂದೇ: ಆ ಇಬ್ಬರು ಅಲ್ಲೇ ಉಳಿದು, ತಾನೊಬ್ಬನೇ ಮರಳಬೇಕಾದೀತೆಂಬುದು. ಟಾಕೀಸಿನಿಂದ ನಾವು ತಡವಾದ ದಿನ ಅಮ್ಮ ಕಂದೀಲು ಹಿಡಿದು ಬೀದಿ ತುದಿಯಲ್ಲಿ ನಿಂತಿರುತ್ತಿದ್ದಳು.

ಹೋದ ಭಾನುವಾರ ಮನೆಯವರೆಲ್ಲ ಹಾಸನದ ಒಂದು ಮದುವೆಗೆ ಹೋದರು. ಮಂಡಿನೋವೆಂದು ನಾನು ಉಳಿದೆ. ನೋವು ಇದ್ದದ್ದು ನಿಜ, ಹೇಳಿದಷ್ಟಿರಲಿಲ್ಲ. ಹನ್ನೊಂದು ಗಂಟೆಗೆ ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿಕೊಂಡು, ಕಾಲು ನೀಡಿ ಕೂತೆ. ಮಗಳ ಫೋನು ಬಂತು. "ಪಾಪ, ಒಬ್ಬಳೇ ಇದ್ದೀಯಲ್ಲಮ್ಮ. ಊಟ ಮುಗಿಸಿ ಬೇಗ ಬಂದುಬಿಡಲಾ?"

"ನಿಧಾನವಾಗಿ ಬನ್ನಿ" ಎಂದೆ. ದನಿ ಆದಷ್ಟೂ ಸಣ್ಣದು ಮಾಡಿಕೊಂಡು.