ಅಲಂಕಾರದ ಋಣ

ಕಾಂಬೋಡಿಯಾ ದೇಶದ ಖ್ಮೇರ್ ಜನರು ತಮ್ಮ ಅಲಂಕಾರರೇಖೆಗಳನ್ನು ‘ಕ್ಬಾಚ್’ ಎಂದು ಕರೆಯುವರು. ನರ್ತಕಿಯ ಹಸ್ತಭಂಗಿಗೂ ಅಲ್ಲಿ ಅದೇ ಹೆಸರು. ಕ್ರಿ. ಶ. 967ರಲ್ಲಿ ಪ್ರತಿಷ್ಠೆಗೊಂಡ ಬಂತೇ ಸ್ರೇ ದೇವಾಲಯದ ಕೆಂಗಲ್ಲಿನಲ್ಲಿ ಈ ಬಳ್ಳಿಗಳೂ ಜ್ವಾಲೆಗಳೂ ಮರದಲ್ಲಿ ಕೊರೆದಂತೆ ಸೂಕ್ಷ್ಮವಾಗಿ ನಿಂತಿವೆ. ಈಗ ಅವೇ ರೇಖೆಗಳು ವಸತಿಗೃಹದ ಗೋಡೆಗೂ ವ್ಯಾಪಾರಚಿಹ್ನೆಗೂ ಇಳಿದಿವೆ. ಇದು ಯುಕ್ತವೇ?

ದೇವರ ಬಾಗಿಲಿಗೆ ಸಲ್ಲುವುದು ಅಂಗಡಿಯ ಫಲಕಕ್ಕೆ ಸಲ್ಲದೆಂದು ಆಕ್ಷೇಪಿಸುವವರುಂಟು. ಆದರೆ ಖ್ಮೇರ್ ಕುಶಲಿಗಳು ಬೆಳ್ಳಿಯ ಪಾತ್ರೆಗೂ ಇದನ್ನೇ ತೊಡಿಸಿದರಷ್ಟೆ. ಸ್ಥಾನಭೇದಮಾತ್ರದಿಂದ ದೋಷವಿಲ್ಲ.

ದೋಷವಿರುವುದು ಕಲಿಯದ ಕೈಯಲ್ಲಿ. ಕ್ಬಾಚನ್ನು ಬಲ್ಲವನು ತಾವರೆಯ ದಳ, ಜ್ವಾಲೆ, ಬಳ್ಳಿ ಮುಂತಾದ ಮೂಲಾಕೃತಿಗಳನ್ನು ಅಭ್ಯಾಸಮಾಡಿ, ಎಲೆಯೊಳಗೆ ಎಲೆಯನ್ನು ಹುಟ್ಟಿಸುತ್ತ ಮೇರೆಯೊಳಗಿನ ತೆರವನ್ನು ತುಂಬುವನು. ವ್ಯಾಕರಣಜ್ಞನು ನೂತನವಾಕ್ಯವನ್ನು ರಚಿಸುವಂತೆ, ಅವನು ಎಂತಹ ಆವರಣಕ್ಕೂ ಹೊಸ ಬಳ್ಳಿಯನ್ನು ಹಬ್ಬಿಸಬಲ್ಲನು. ತೆಳುಗಾಗದವಿಟ್ಟು ನಕಲೆತ್ತಿದವನೋ, ಸ್ಥಳವು ಕಿರಿದಾದರೆ ಬಳ್ಳಿಯ ತುದಿಯನ್ನೇ ಕತ್ತರಿಸುವನು! (ಹೊಟ್ಟೆಪಾಡಿಗಾಗಿ ದುಡಿಯುವ ಬಡ ಕುಶಲಕರ್ಮಿಯನ್ನು ಕುರಿತ ಮಾತಲ್ಲವಿದು, ಕಲಿಯಲು ಅವಕಾಶವಿದ್ದೂ ಕಲಿಯದವನನ್ನು ಕುರಿತದ್ದು.)

ಈ ಕಲಿಕೆಯ ಬೆಲೆ ಅಲ್ಪವಲ್ಲ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ವಿದ್ಯೆಯ ಗುರುಗಳು ಬಹುಮಂದಿ ಅಳಿದುಹೋದರು. ಉಳಿದ ಕೆಲವರು ಹೊಸ ಶಿಷ್ಯರೊಡನೆ ಮೊದಲ ರೇಖೆಯಿಂದಲೇ ಪುನಃ ತೊಡಗಬೇಕಾಯಿತು. 2005ರಲ್ಲಿ ಚಾನ್ ವಿಥಾರಿನ್, ಪ್ರೇಪ್ ಚಾನ್‌ಮಾರಾ ಎಂಬವರು ಈ ರೂಪಗಳನ್ನೆಲ್ಲ ವಿವರಿಸುವ ಗ್ರಂಥವೊಂದನ್ನು ಹೊರತಂದರು. ಅದನ್ನು ತೆರೆದವನು ಸಿದ್ಧಚಿತ್ರವನ್ನು ಹುಡುಕುವ ಮುನ್ನ, ಮೊದಲ ಪುಟದ ದಳವೊಂದನ್ನಾದರೂ ತನ್ನ ಕೈಯಿಂದ ಬರೆದು ನೋಡಲಿ.