ಹತ್ತದ ರೈಲಿಗೆ ಕೊಂಡ ಟಿಕೆಟ್

ಸಿಕಂದರಾಬಾದಿನಿಂದ ವಿಜಯವಾಡದ ಕಡೆ ಹೋಗುವ ಹಳಿಯಲ್ಲಿ, ವರಂಗಲ್ ದಾಟಿದ ಮೇಲೆ ನೆಕ್ಕೊಂಡ ಎಂಬ ಊರು ಬರುತ್ತದೆ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಂಥವರು ಎಕ್ಸ್‌ಪ್ರೆಸ್ ರೈಲಿನ ಕಿಟಕಿಯಿಂದ ಅದರ ಹಳದಿ ಬೋರ್ಡನ್ನು ಓದಿ ಮುಗಿಸುವಷ್ಟರಲ್ಲಿ ಊರೇ ಹಿಂದೆ ಸರಿದಿರುತ್ತದೆ. 2024ರಲ್ಲಿ ಈ ಊರು ಸುದ್ದಿಯಾಯಿತು. ತಿರುಪತಿಯ ಪದ್ಮಾವತಿ ಎಕ್ಸ್‌ಪ್ರೆಸ್‌ಗೆ ಅಲ್ಲಿ ತಾತ್ಕಾಲಿಕ ನಿಲುಗಡೆ ಸಿಕ್ಕಿತ್ತು. ಮೂರು ತಿಂಗಳಲ್ಲಿ ಸಾಕಷ್ಟು ಟಿಕೆಟ್ ಆದಾಯ ಬರದಿದ್ದರೆ ಅದು ರದ್ದು ಎಂಬ ಷರತ್ತೂ ಇತ್ತು. ಊರಿನವರು ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು, ಚಂದಾ ಎತ್ತಿದರು, ದಿನವೂ ಟಿಕೆಟ್ ಕೊಂಡರು. ಆದರೆ ಆ ಟಿಕೆಟ್ಟುಗಳಲ್ಲಿ ಯಾರೂ ಪ್ರಯಾಣ ಮಾಡಲಿಲ್ಲ. ಪ್ರಯಾಗರಾಜ್ ಬಳಿಯ ದಯಾಲ್‌ಪುರದಲ್ಲೂ, ವರ್ಷಗಟ್ಟಲೆ ಮುಚ್ಚಿದ್ದ ನಿಲ್ದಾಣ ಮತ್ತೆ ತೆರೆದಾಗ, ಜನ ಇದನ್ನೇ ಮಾಡಿದರು.

ನನ್ನನ್ನು ಕಾಡುವ ಪ್ರಶ್ನೆ ಸರಳ. ಇದು ಮೋಸವೇ?

ಪ್ರಾಜೆಕ್ಟ್ ನಡೆಸುವವನ ತಲೆಗೆ ಮೊದಲು ಬರುವ ಉತ್ತರ ‘ಹೌದು’. ಟಿಕೆಟ್ ಸಂಖ್ಯೆ ಒಂದು ಅಳತೆ. ಎಷ್ಟು ಜನರಿಗೆ ಈ ರೈಲು ಬೇಕು ಎಂದು ತಿಳಿಯಲು ಇಲಾಖೆ ಅದನ್ನು ನೋಡುತ್ತದೆ. ಪ್ರಯಾಣವಿಲ್ಲದ ಟಿಕೆಟ್ ಆ ಅಳತೆಯನ್ನು ಕೆಡಿಸುತ್ತದೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನ ನಿಯಮವೊಂದು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು: ಅಳತೆಯನ್ನೇ ಗುರಿಯಾಗಿಸಿದರೆ ಜನ ಅಳತೆಯನ್ನು ತಲುಪುತ್ತಾರೆ, ಅಸಲು ಉದ್ದೇಶ ಹಾಗೇ ಉಳಿಯುತ್ತದೆ. ನೆಕ್ಕೊಂಡದಲ್ಲಿ ಆಗಿದ್ದೂ ಅದೇ ತಾನೆ?

ಆದರೆ ಆ ಅಳತೆ ಮೊದಲಾದರೂ ಸರಿಯಾಗಿತ್ತೇ ಎಂದು ಕೇಳಬೇಕಾಗುತ್ತದೆ. ಸಣ್ಣ ನಿಲ್ದಾಣದಲ್ಲಿ ರೈಲು ಬೆಳಗಿನ ಜಾವಕ್ಕೊಂದು, ರಾತ್ರಿಗೊಂದು ನಿಲ್ಲುತ್ತದೆ ಎನ್ನಿ. ಕಾಲೇಜು ಹುಡುಗಿಗೆ ಅದು ಉಪಯೋಗವಿಲ್ಲ, ಸಂತೆಗೆ ಸೊಪ್ಪು ಒಯ್ಯುವಾಕೆಗೂ ಇಲ್ಲ. ಅವರು ಟೆಂಪೋ ಹತ್ತುತ್ತಾರೆ. ನಿಲ್ದಾಣದ ಲೆಕ್ಕದಲ್ಲಿ ಮಾತ್ರ ‘ಬೇಡಿಕೆ ಇಲ್ಲ’ ಎಂದು ದಾಖಲಾಗುತ್ತದೆ. 2020ರ ಮಾರ್ಚ್‌ನಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮರಳಿ ಬಂದಾಗ ಹಲವು ಕಡೆ ಎಕ್ಸ್‌ಪ್ರೆಸ್ ದರ ಹೊತ್ತು ಬಂದವು. ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ ಮೂವತ್ತಾಯಿತು. ಹಳೆಯ ದರ ಮರಳಿದ್ದು 2024ರಲ್ಲಿ. ಅದೇ ಅವಧಿಯಲ್ಲಿ ಐಐಟಿ ಬಾಂಬೆಯ ನೆರವಿನಿಂದ ರೂಪಿಸಿದ ಹೊಸ ವೇಳಾಪಟ್ಟಿಯಲ್ಲಿ ಎಷ್ಟೋ ಸಣ್ಣ ನಿಲುಗಡೆಗಳು ಮಾಯವಾದವು. ತಾಲ್ಲೂಕು ಕೇಂದ್ರಕ್ಕೆ ಕೂಲಿಗೆ ಹೋಗಿ ಬರುವವನಿಗೆ ದಿನಕ್ಕೆ ನಲವತ್ತು ರೂಪಾಯಿ ಹೆಚ್ಚುವರಿ ಎಂದರೆ ರೈಲು ಬಿಡಲು ಅಷ್ಟೇ ಸಾಕು. ಅವನ ಅಗತ್ಯ ಹಾಗೇ ಇದೆ. ಸಂಖ್ಯೆ ಮಾತ್ರ ಇಳಿದಿದೆ.

ನಮ್ಮ ಸಾಫ್ಟ್‌ವೇರಿನಲ್ಲೂ ಇದು ಹೊಸದಲ್ಲ. ಒಂದು ಸೌಲಭ್ಯವನ್ನು ಮೂರು ಮೆನುಗಳ ಕೆಳಗೆ ಬಚ್ಚಿಟ್ಟು, ಆರು ತಿಂಗಳ ನಂತರ ‘ಯಾರೂ ಬಳಸುತ್ತಿಲ್ಲ, ತೆಗೆದುಬಿಡೋಣ’ ಎನ್ನುವ ಸಭೆಗಳು ಎಲ್ಲ ಕಂಪನಿಗಳಲ್ಲೂ ನಡೆಯುತ್ತವೆ. ವ್ಯತ್ಯಾಸವೆಂದರೆ, ಅಲ್ಲಿ ಹೋಗುವುದು ಒಂದು ಬಟನ್. ಇಲ್ಲಿ ಹೋಗುವುದು ಒಬ್ಬಳ ಕಾಲೇಜು.

ಎದುರು ವಾದವನ್ನೂ ನ್ಯಾಯವಾಗಿ ಕೇಳೋಣ. ಎಕ್ಸ್‌ಪ್ರೆಸ್ ರೈಲು ವೇಗ ಇಳಿಸಿ, ನಿಂತು, ಮತ್ತೆ ವೇಗ ಹಿಡಿಯಲು ಐದು ನಿಮಿಷ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಳಗಿರುವವರು 1,200 ಮಂದಿ. ಒಟ್ಟು 6,000 ನಿಮಿಷ, ಅಂದರೆ 100 ಗಂಟೆ. ಹತ್ತುವವರು 12 ಮಂದಿ, ಒಬ್ಬೊಬ್ಬರಿಗೆ ಎರಡು ಗಂಟೆ ಉಳಿಯಿತು ಎಂದರೂ 24 ಗಂಟೆ. ನೂರರ ಮುಂದೆ ಇಪ್ಪತ್ನಾಲ್ಕು. ಎಕ್ಸೆಲ್ ಶೀಟಿನಲ್ಲಿ ಈ ಊರು ಸೋಲುತ್ತದೆ.

ಈ ಕೂಡಿಕೆಯೇ ಸರಿಯೇ ಎಂಬುದನ್ನು ಅಮೆರಿಕದ ತತ್ತ್ವಜ್ಞಾನಿ ಟಿ. ಎಂ. ಸ್ಕ್ಯಾನ್ಲನ್ 1998ರ ತಮ್ಮ ಪುಸ್ತಕದಲ್ಲಿ ಒಂದು ಉದಾಹರಣೆಯಿಂದ ಪರೀಕ್ಷಿಸಿದರು. ಟಿವಿ ಕೇಂದ್ರದಲ್ಲಿ ಒಬ್ಬನ ಮೇಲೆ ಯಂತ್ರ ಬಿದ್ದು ಕರೆಂಟ್ ಹೊಡೆಯುತ್ತಿದೆ. ಅವನನ್ನು ಬಿಡಿಸಲು ಪ್ರಸಾರವನ್ನು 15 ನಿಮಿಷ ನಿಲ್ಲಿಸಬೇಕು. ಆ ಹೊತ್ತಿಗೆ ಲಕ್ಷಾಂತರ ಜನ ವಿಶ್ವಕಪ್ ಪಂದ್ಯ ನೋಡುತ್ತಿದ್ದಾರೆ. ಎಲ್ಲರ ಬೇಸರವನ್ನು ಕೂಡಿಸಿದರೆ ಒಬ್ಬನ ನೋವಿಗಿಂತ ದೊಡ್ಡದಾಗಬಹುದು. ಆದರೆ ಆ ‘ಕೂಡಿಸಿದ ಬೇಸರ’ವನ್ನು ಅನುಭವಿಸುವವರು ಯಾರೂ ಇಲ್ಲ. ಪ್ರತಿಯೊಬ್ಬರದೂ ಬಿಡಿಬಿಡಿ ಬೇಸರ. ಹಾಗಾಗಿ ಅವನನ್ನು ಬಿಡಿಸಲೇಬೇಕು ಎಂಬುದು ಸ್ಕ್ಯಾನ್ಲನ್ ನಿಲುವು. ನಮ್ಮ ನೂರು ಗಂಟೆಯೂ ಹಾಗೆಯೇ. ಬೋಗಿಯಲ್ಲಿ ಕುಳಿತು ಮೊಬೈಲ್ ನೋಡುವ ಯಾರೂ ನೂರು ಗಂಟೆ ಕಳೆದುಕೊಳ್ಳುವುದಿಲ್ಲ, ಕಳೆದುಕೊಳ್ಳುವುದು ಐದು ನಿಮಿಷ. ಪ್ಲಾಟ್‌ಫಾರಂ ಮೇಲಿರುವವಳು ಮಾತ್ರ ತನ್ನ ಎರಡು ಗಂಟೆಯನ್ನು ಪೂರ್ತಿ ಕಳೆದುಕೊಳ್ಳುತ್ತಾಳೆ.

ಈ ವಾದಕ್ಕೂ ಒಂದು ಗಡಿಯಿದೆ. ಪ್ರತಿ ಊರೂ ಪ್ರತಿ ರೈಲನ್ನೂ ನಿಲ್ಲಿಸಿದರೆ ಎಕ್ಸ್‌ಪ್ರೆಸ್ ಎಂಬುದೇ ಉಳಿಯುವುದಿಲ್ಲ. ಆ ರೈಲಿನಲ್ಲಿ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ. ಆದ್ದರಿಂದ ಊರಿಗೆ ಸಲ್ಲಬೇಕಾದದ್ದು ಎಲ್ಲ ರೈಲೂ ಅಲ್ಲ, ಉಪಯೋಗಕ್ಕೆ ಬರುವ ಹೊತ್ತಿಗೆ ಒಂದು ರೈಲು. ಜಪಾನಿನ ಹೊಕ್ಕೈಡೋದಲ್ಲಿ ಒಬ್ಬ ಶಾಲಾ ಬಾಲಕಿಗಾಗಿಯೇ ಒಂದು ನಿಲ್ದಾಣವನ್ನು ಉಳಿಸಿದರು ಎಂಬ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಕ್ಯೂ-ಶಿರಾತಾಕಿ ನಿಲ್ದಾಣ 2016ರ ಮಾರ್ಚ್‌ನಲ್ಲಿ ನೆರೆಯ ಸಣ್ಣ ನಿಲ್ದಾಣಗಳ ಜೊತೆ ವೇಳಾಪಟ್ಟಿ ಬದಲಾವಣೆಯ ಭಾಗವಾಗಿ ಮುಚ್ಚಿತು. ಕಥೆಯಲ್ಲಿರುವಷ್ಟು ಪವಾಡ ಅಲ್ಲಿರಲಿಲ್ಲ. ಆದರೂ ಉಳಿದಿದ್ದ ಕೆಲವೇ ರೈಲುಗಳು ಶಾಲೆಯ ಹೊತ್ತಿಗೆ ಹೊಂದುತ್ತಿದ್ದವು. ನನಗೆ ಪವಾಡಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಈಗ ಟಿಕೆಟ್ಟಿನ ಪ್ರಶ್ನೆಗೆ ಬರೋಣ. ಅರ್ಥಶಾಸ್ತ್ರಜ್ಞ ಬರ್ಟನ್ ವೈಸ್‌ಬ್ರಾಡ್ 1964ರಲ್ಲಿ ಒಂದು ಮಾತು ಮುಂದಿಟ್ಟರು: ಆಸ್ಪತ್ರೆ, ಉದ್ಯಾನ, ಸಾರಿಗೆಯಂಥವು ಇಂದು ಬಳಸದವರಿಗೂ ಬೆಲೆಯುಳ್ಳವು, ಏಕೆಂದರೆ ನಾಳೆ ಬೇಕಾದಾಗ ಅವು ಇರಬೇಕು. ನಾವೆಲ್ಲ ಟರ್ಮ್ ಇನ್ಶೂರೆನ್ಸ್ ಕಂತು ಕಟ್ಟುತ್ತೇವೆ. ‘ಈ ವರ್ಷ ಸಾಯಲಿಲ್ಲವಲ್ಲ, ಹಾಗಾದರೆ ಕಟ್ಟಿದ್ದು ಸುಳ್ಳು’ ಎಂದು ಯಾರೂ ಹೇಳುವುದಿಲ್ಲ. ನೆಕ್ಕೊಂಡದವರು ಕಟ್ಟಿದ್ದೂ ಅಂಥದ್ದೇ ಕಂತು. ಇಲಾಖೆ ಕೇಳಿದ್ದು ಆದಾಯ, ಅವರು ಕೊಟ್ಟಿದ್ದು ಅಸಲಿ ರೂಪಾಯಿ. ಕಾಯ್ದಿರಿಸಿದ ಸೀಟು ಕೊಂಡು ಖಾಲಿ ಬಿಟ್ಟಿದ್ದರೆ ಬೇರೆಯವರ ಜಾಗ ಕಿತ್ತಂತಾಗುತ್ತಿತ್ತು, ಅದು ತಪ್ಪು. ಸಾಮಾನ್ಯ ಟಿಕೆಟ್ ಕೊಂಡು ಹತ್ತದಿದ್ದರೆ ಯಾರ ಜಾಗವೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಅದು ಮೋಸವಲ್ಲ.

ನನಗೆ ಸಂಕಟವಾಗುವುದು ಬೇರೆ ಕಡೆ. ಚಂದಾ ಎತ್ತಲು ಆಗದ ಊರಿನ ಗತಿಯೇನು? ಅಂಗಡಿಗಳಿರುವ, ಸಂಘಟನೆಯಿರುವ ಊರು ಕಂತು ಕಟ್ಟಿ ರೈಲು ಉಳಿಸಿಕೊಳ್ಳುತ್ತದೆ. ನಾಲ್ಕು ಕೇರಿಯ ಬಡ ಊರಿನ ಮುಂದೆ ಅದೇ ರೈಲು ಹಾರ್ನ್ ಹಾಕಿ ಹೋಗುತ್ತದೆ. ಅಗತ್ಯ ಹೆಚ್ಚಿರುವಲ್ಲೇ ಕಂತು ಕಟ್ಟುವ ಶಕ್ತಿ ಕಡಿಮೆ. ನಿಲುಗಡೆಯನ್ನು ಆದಾಯಕ್ಕೆ ಕಟ್ಟಿಹಾಕುವ ಷರತ್ತಿನಲ್ಲಿ ಅನ್ಯಾಯವಿರುವುದು ಇಲ್ಲಿ.

‘ನಷ್ಟದ ನಿಲ್ದಾಣ’ ಎಂಬ ಮಾತು ಬಂದಾಗ ನಮ್ಮ ಟಿಕೆಟ್ಟನ್ನೂ ಒಮ್ಮೆ ನೋಡಿಕೊಳ್ಳಬೇಕು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿತ್ತು. ಉಳಿದದ್ದನ್ನು ಬಹುಪಾಲು ಹೊರುವುದು ಗೂಡ್ಸ್ ರೈಲು. ಹಬ್ಬಕ್ಕೆ ಕಾಚಿಗೂಡದಿಂದ ಬೆಂಗಳೂರಿಗೆ ಹೋಗುವ ನಾವೂ ಆ ನೆರವನ್ನು ಪಡೆದವರೇ. ನಮಗೆ ಸಿಕ್ಕಾಗ ಅದು ಸೇವೆ, ಸಣ್ಣ ಊರಿಗೆ ಸಿಕ್ಕಾಗ ಅದು ಹೊರೆ ಎನ್ನುವುದು ಸರಿಯಾದ ಲೆಕ್ಕವಲ್ಲ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಎಚ್ಚರವೂ ಬೇಕು. ಸಣ್ಣ ನಿಲ್ದಾಣ ಎಂದೊಡನೆ ನಮಗೆ ಆಲದ ಮರ, ಕಲ್ಲು ಬೆಂಚು, ಶಂಕರ್‌ನಾಗ್ ಅವರ ಮಾಲ್ಗುಡಿ ನೆನಪಾಗುತ್ತವೆ. ಆ ಧಾರಾವಾಹಿಯಲ್ಲಿ ಮಾಲ್ಗುಡಿಯಾಗಿ ಕಂಡ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಬಹಳ ಚೆನ್ನಾಯಿತು. ಆದರೆ ನೆನಪಿಗೆ ಮ್ಯೂಸಿಯಂ ಸಾಕು, ರೈಲು ನಿಲ್ಲಬೇಕಿರುವುದು ನಮ್ಮ ನೆನಪಿಗಾಗಿ ಅಲ್ಲ. ನಾವು ಸ್ಲೀಪರ್ ಬಸ್ಸಿನಲ್ಲೋ ಕಾರಿನಲ್ಲೋ ಊರು ತಲುಪುತ್ತೇವೆ. ನಿಲ್ದಾಣ ಬೇಕಿರುವುದು ಆ ದಾರಿಗಳಿಲ್ಲದೆ ಅಲ್ಲೇ ಉಳಿದವರಿಗೆ. ಅವರ ಪರವಾಗಿ ಮಾತನಾಡುವಾಗ ನಮ್ಮ ಹಳಹಳಿಕೆಯನ್ನು ಪಕ್ಕಕ್ಕಿಡುವುದು ಒಳ್ಳೆಯದು.

ನಿಲುಗಡೆ ಕೊಡುವಾಗ ಎಷ್ಟು ಜನ ಹತ್ತಿದರು ಎಂದು ಕೇಳಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ರೈಲು ನಿಲ್ಲದಿದ್ದರೆ ಆ ಕೆಲವರಿಗೆ ಬೇರೆ ಏನಿದೆ? ಬೇರೆ ದಾರಿ ಇದ್ದರೆ ರೈಲು ಮುಂದೆ ಹೋಗಲಿ. ಇಲ್ಲವಾದರೆ ಐದು ನಿಮಿಷ ಕಾಯುವುದು ಒಳಗೆ ಕುಳಿತವರ ಪಾಲಿನ ಬಾಕಿ.